ಶಾಂತಾ ಅತ್ತೆ ಗುಗ್ಗೆ ತೆಗೆಯುತ್ತಿದ್ದಳು

ಇವತ್ತು ಬೆಳಿಗ್ಗೆ ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಒಂದು ಪುಟ್ಟ ಪಾರ್ಸಲ್ ಬಂತು. ಮಗಳು ಮೇಧಾ ತರಿಸಿದ್ದು. ಒಳಗೆ ಪೆನ್ನಿನಂಥ ಒಂದು ಕಡ್ಡಿ, ಅದರ ತುದಿಗೆ ಸಾಸಿವೆಯಷ್ಟು ದೀಪ, ದೀಪದ ಪಕ್ಕದಲ್ಲಿ ಕ್ಯಾಮೆರಾ, ಅದರ ಮುಂದೆ ಗೊಂಬೆಯ ಮನೆಯಿಂದ ತಂದಂಥ ಚಮಚ. ಕಿವಿಯೊಳಗೆ ಇಟ್ಟರೆ ಅಲ್ಲಿರುವುದೆಲ್ಲ ಫೋನಿನಲ್ಲಿ ಕಾಣುತ್ತದಂತೆ; ನೋಡುತ್ತ ನೋಡುತ್ತಲೇ ಗುಗ್ಗೆಯನ್ನು ತೋಡಿ ಹೊರಗೆ ಹಾಕಬಹುದಂತೆ.

"ಅಪ್ಪಾ, ಬಾ ಇಲ್ಲೆ. ನಿನ್ನ ಕಿವಿಯಿಂದನ ಚಾಲೂ ಮಾಡೂಣು," ಎಂದಳು.

ನನ್ನ ಕೈ ತಾನಾಗಿ ಎಡಗಿವಿಯನ್ನು ಮುಚ್ಚಿಕೊಂಡಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಪಡಸಾಲೆಗೆ ಹೋದೆ, ಹಿತ್ತಲಿಗೆ ಹೋದೆ, ಏನೂ ಬೇಕಿಲ್ಲದಿದ್ದರೂ ಕಪಾಟು ತೆಗೆದು ಮುಚ್ಚಿದೆ. ಮಗಳು ನಗುತ್ತಿದ್ದಳು. ನೀವೂ ನಗಬಹುದು. ಐವತ್ತು ದಾಟಿದ ಗಂಡಸು ಒಂದು ಕಡ್ಡಿಗೆ ಹೆದರಿ ಮನೆ ತುಂಬ ಸುತ್ತುವುದು ನೋಡಲು ಚಂದವೇ. ಆದರೆ ನಾನು ಹೆದರಿದ್ದು ಕಡ್ಡಿಗಲ್ಲ. ನನಗೆ ಖಾನಾಪುರದ ಶಾಂತಾ ಅತ್ತೆಯ ನೆನಪಾಗಿತ್ತು.

ಶಾಂತಾ ಅತ್ತೆ ನನ್ನ ತಂದೆಯ ತಂಗಿ. ಗುಂಜಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಳು. ದಿನವೂ ಖಾನಾಪುರದಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಶಾಲೆಯಲ್ಲಿ ಎರಡೂ. ಕೊಳೆ ಎಂದರೆ ಅವಳಿಗೆ ಆಗುತ್ತಿರಲಿಲ್ಲ. ಅದರಲ್ಲೂ ಕಿವಿಯ ಕೊಳೆ! ಯಾರಾದರೂ ಮಕ್ಕಳು ಮುಂದೆ ಹಾದುಹೋದರೆ ಮುಖ ನೋಡುವ ಮೊದಲು ಕಿವಿ ನೋಡುತ್ತಿದ್ದಳು. ಬೇಸಿಗೆ ರಜೆಗೆ ನಾವು ಖಾನಾಪುರಕ್ಕೆ ಹೋದರೆ ಮೊದಲನೆಯ ದಿನದ ಮಧ್ಯಾಹ್ನವೇ ಜಗುಲಿಯ ಮೇಲೆ ಕಾಲು ಚಾಚಿ ಕೂಡುತ್ತಿದ್ದಳು. ನಾವು ಒಬ್ಬೊಬ್ಬರಾಗಿ ಅವಳ ಮಡಿಲಲ್ಲಿ ತಲೆ ಇಡಬೇಕು. ಅತ್ತೆ ತನ್ನ ತುರುಬಿನಿಂದ ಒಂದು ಆಕಡಾ, ಅದೇ ಕೂದಲಿಗೆ ಸಿಕ್ಕಿಸುವ ಕಪ್ಪು ತಂತಿಯ ಪಿನ್ನು, ಎಳೆದು ಸೆರಗಿನಿಂದ ಒರೆಸಿ ಕೆಲಸಕ್ಕೆ ತೊಡಗುತ್ತಿದ್ದಳು.

"ಅಲುಗಾಡಬ್ಯಾಡೋ ತಮ್ಮಾ. ಒಳಗ ಬದನಿಕಾಯಿ ಬೆಳದೈತಿ ನಿನ್ನ ಕಿವ್ಯಾಗ!"

ಸುಳ್ಳು ಯಾಕೆ ಹೇಳಲಿ, ಅದು ಸುಖವಾಗಿಯೇ ಇತ್ತು. ಅವಳ ಸೀರೆಗೆ ಸೀಮೆಸುಣ್ಣದ ವಾಸನೆ. ಕಿವಿಯೊಳಗೆ ಕರಕರ ಸದ್ದು, ಬೆನ್ನಿನವರೆಗೆ ಇಳಿಯುವ ಕಚಗುಳಿ. ಕೊನೆಗೆ ಬೆಚ್ಚಗಿನ ಕೊಬ್ಬರಿ ಎಣ್ಣೆ. ಅರ್ಧ ಗಂಟೆ ಜಗತ್ತೆಲ್ಲ ನೀರಿನೊಳಗೆ ಮುಳುಗಿದ ಹಾಗೆ. ಆಮೇಲೆ ಅತ್ತೆ ತೆಗೆದದ್ದನ್ನು ಬೆರಳ ತುದಿಯಲ್ಲಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಳು. ಯಾರದು ದೊಡ್ಡದು ಎಂದು ನಮ್ಮಲ್ಲಿ ಜಗಳವಾಗುತ್ತಿತ್ತು. ನನ್ನದೇ ದೊಡ್ಡದು ಎಂದು ನಾನು ಬೀಗಿದ್ದೂ ಉಂಟು.

ಹೀಗೆ ಬೆಳೆದವನಿಗೆ ಕಿವಿ ಎಂದರೆ ತೋಡಬೇಕಾದ ಬಾವಿ. ನಾನು ಇಲ್ಲಿಯ ನ್ಯಾಯಾಲಯವೊಂದರಲ್ಲಿ ಶೀಘ್ರಲಿಪಿಗಾರ. ನ್ಯಾಯಾಧೀಶ ಸಾಹೇಬರು ಹೇಳಿದ್ದನ್ನು ಕೇಳಿ ಬರೆದುಕೊಂಡು ಟೈಪು ಮಾಡಿದರೆ ಮನೆಯಲ್ಲಿ ಒಲೆ ಉರಿಯುತ್ತದೆ. ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ತಲೆಸ್ನಾನ ಮಾಡಿ ಎದ್ದವನಿಗೆ ಎಡಗಿವಿ ಧಪ್ಪೆಂದು ಮುಚ್ಚಿಕೊಂಡಿತು. ಹತ್ತಿ ಸುತ್ತಿದ ಕಡ್ಡಿ ಹಾಕಿ ತಿರುಗಿಸಿದೆ. ಇನ್ನಷ್ಟು ಮುಚ್ಚಿತು. ಬೆಂಕಿಕಡ್ಡಿಯ ಹಿಂಭಾಗ, ಸ್ಕೂಟರಿನ ಕೀಲಿಕೈ, ಏನು ಕೈಗೆ ಸಿಕ್ಕರೆ ಅದು. ಊಟಕ್ಕೆ ಕೂತರೂ ಕಿರುಬೆರಳು ಕಿವಿಯಲ್ಲೇ. ಬಾಜೂ ಟೇಬಲ್ಲಿನ ಗೆಳೆಯನೊಬ್ಬ ಕಿವಿಗೆ ಚುಚ್ಚಿಕೊಂಡು ಹಚ್ಚುವ ಮೇಣದ ಕೊಳವೆ ತಂದುಕೊಟ್ಟ. ಅದರ ಹೊಗೆ ಒಳಗಿನದ್ದನ್ನೆಲ್ಲ ಎಳೆದು ತರುತ್ತದಂತೆ. ಮಲಗಿಕೊಂಡು ಹಚ್ಚಿಸಿಕೊಂಡೆ. ಕೆನ್ನೆಯ ಮೇಲೆ ಬಿಸಿ ಮೇಣ ಬಿತ್ತು, ಕಿವಿಯ ಹತ್ತಿರದ ಕೂದಲು ಸುಟ್ಟ ನಾತ ಬಂತು. ಕೊಳವೆ ಒಡೆದು ನೋಡಿದರೆ ಒಳಗೆ ಇದ್ದದ್ದು ಅದರದೇ ಮೇಣ. ನನ್ನದು ನನ್ನ ಕಿವಿಯಲ್ಲೇ ಭದ್ರವಾಗಿತ್ತು.

ಆ ವಾರ ಸಾಹೇಬರು ತೀರ್ಪೊಂದನ್ನು ಹೇಳಿ ಬರೆಸಿದರು. "ಪ್ರತಿವಾದಿ" ಎಂದದ್ದರಲ್ಲಿ ನನಗೆ ಕೇಳಿಸಿದ್ದು ಬರೀ "ವಾದಿ". ಟೈಪಾಗಿ ಬಂದ ಹಾಳೆಯಲ್ಲಿ ಸೋತವನು ಗೆದ್ದಿದ್ದ. ಸಾಹೇಬರು ಸಹಿ ಹಾಕುವ ಮೊದಲು ಓದುವ ಪದ್ಧತಿಯವರು, ಅದಕ್ಕೇ ಅನಾಹುತ ತಪ್ಪಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಕಿವಿ ತೋರಿಸ್ಕೊಂಡು ಬರ್ರಿ," ಎಂದರು. ವೈದ್ಯರಿಗೆ ತೋರಿಸಿಕೊಂಡು ಬರ್ರಿ ಎಂಬ ಅರ್ಥದಲ್ಲಿ ಹೇಳಿದ್ದು. ನಾನು ಭಾನುವಾರ ಖಾನಾಪುರದ ಬಸ್ಸು ಹತ್ತಿದೆ.

ಅತ್ತೆ ಆಗಲೇ ನಿವೃತ್ತಳಾಗಿ ಮಗ ಸೊಸೆಯ ಜೊತೆ ಇದ್ದಳು. ಅವಳು ಇತ್ತೀಚೆಗೆ ಬಹಳ ಹಟಮಾರಿಯಾಗಿದ್ದಾಳೆ, ಕರೆದರೆ ಬೇಕೆಂದೇ ಓಗೊಡುವುದಿಲ್ಲ ಎಂದು ಅವರು ಬೇಸರ ಮಾಡಿಕೊಂಡಿದ್ದರು. ನನಗೇನೂ ಹಾಗೆ ಕಾಣಲಿಲ್ಲ. ಕಿವಿ ಮುಟ್ಟಿ ತೋರಿಸಿದ್ದೇ ತಡ, ಅತ್ತೆಯ ಮುಖ ಅರಳಿತು. ಜಗುಲಿಯ ಮೇಲೆ ಕಾಲು ಚಾಚಿದಳು. ನಾನು ನರೆತ ತಲೆಯನ್ನು ಅದೇ ಮಡಿಲಲ್ಲಿಟ್ಟೆ.

ಆಕಡಾ ಒಳಗೆ ಹೋಯಿತು. ಮೊದಲು ಹಳೆಯ ಕಚಗುಳಿ, ಆಮೇಲೆ ಚುರ್ರೆಂದಿತು.

"ಅತ್ತೀ, ನೋವಾಗಾಕತ್ತೈತಿ. ಸಾಕು ಬಿಡು," ಎಂದೆ.

ಅವಳು ಬಿಡಲಿಲ್ಲ.

"ಅತ್ತೀ!" ಎಂದು ಕೂಗಿದೆ. ಮೇಲೆ ಅವಳು ಏನೋ ಗುನುಗುತ್ತ ಕೆಲಸದಲ್ಲಿ ಮುಳುಗಿದ್ದಳು. ನಾನು ಅವಳ ಮಣಿಕಟ್ಟು ಹಿಡಿದು ಎಳೆದೆ. ಪಿನ್ನಿನ ತುದಿಯಲ್ಲಿ ಕೆಂಪು ಇತ್ತು.

"ಯಾಕ ಎದ್ದಿ? ಇನ್ನೂ ಮುಗದಿಲ್ಲ," ಎಂದಳು.

"ಕೂಗಿದ್ನೆಲ್ಲ, ಕೇಳಲಿಲ್ಲೇನ?"

ಅತ್ತೆ ನನ್ನ ತುಟಿಗಳನ್ನೇ ನೋಡುತ್ತಿದ್ದಳು. "ಯಾವಾಗ ಕೂಗಿದಿ?" ಎಂದಳು.

ಆಗ ತಿಳಿಯಿತು. ಅವಳಿಗೆ ಹಟವೂ ಇರಲಿಲ್ಲ, ಏನೂ ಇರಲಿಲ್ಲ. ಕೇಳಿಸುತ್ತಿರಲಿಲ್ಲ, ಅಷ್ಟೇ. ಯಾರಿಗೂ ಗೊತ್ತಾಗದ ಹಾಗೆ ತುಟಿ ನೋಡಿ ನಿಭಾಯಿಸುತ್ತಿದ್ದಳು.

ಮರುದಿನವೇ ರಜೆ ಹಾಕಿ ಇಬ್ಬರೂ ಬೆಳಗಾವಿಯ ಶಿವಬಸವ ನಗರದ ಕಡೆ ಒಬ್ಬ ಕಿವಿಯ ಡಾಕ್ಟರ್ ಹತ್ತಿರ ಹೋದೆವು. ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಖಡಕ್ಕು. ನನ್ನ ಕಿವಿಗೆ ದೀಪ ಹಿಡಿದು ನೋಡಿ, "ಏನೇನು ಹಾಕೀರಿ ಇದರಾಗ?" ಎಂದು ಕೇಳಿದಳು. ಹೇಳುತ್ತ ಹೋದೆ. ಕೀಲಿಕೈಗೆ ಬಂದಾಗ ಅವಳು ಕೈ ಎತ್ತಿ ನಿಲ್ಲಿಸಿದಳು.

"ಕಿವಿ ತನ್ನ ಕೊಳಿ ತಾನ ಹೊರಗ ಹಾಕತೈತ್ರಿ. ನೀವು ಕಡ್ಡಿ ಹಾಕಿ ಅದನ್ನ ಮತ್ತ ಒಳಗ ತಳ್ಳೀರಿ. ಹೊಸ್ತಲಾ ಬಟ್ಟಿಲೆ ಒರಸ್ರಿ, ಸಾಕು. ಕಸಬರಗಿ ತಗೊಂಡು ಒಳಗ ಹೋಗಬ್ಯಾಡ್ರಿ."

ಗಟ್ಟಿಯಾಗಿದ್ದರೆ ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ ಎಂದಳು: ಗುಗ್ಗೆ ಮೆತ್ತಗಾಗುವ ಹನಿಗಳನ್ನು ಕೆಲವು ದಿನ ಬಿಟ್ಟುಕೊಂಡು, ಆ ಕಿವಿ ಮೇಲೆ ಮಾಡಿ ಸ್ವಲ್ಪ ಹೊತ್ತು ಮಲಗುವುದು. ಅದೂ ಕಿವಿಯಲ್ಲಿ ನೋವು, ಸೋರಿಕೆ, ತೂತು ಇಲ್ಲದವರಿಗೆ ಮಾತ್ರ. ಇದ್ದವರು ಎಣ್ಣೆಯನ್ನೂ ನೀರನ್ನೂ ಹಾಕದೆ ಸೀದಾ ಬರಬೇಕು. ಪಿನ್ನು ತಾಗಿದ್ದು ಚರ್ಮಕ್ಕಷ್ಟೇ, ಆ ಗಾಯ ಆರಿದ ಮೇಲೆ ಬಿಟ್ಟುಕೊಳ್ಳಿ ಎಂದು ನನಗೆ ಹನಿ ಬರೆದುಕೊಟ್ಟಳು. ಮುಂದಿನ ಸಲ ಹೋದಾಗ ಉಗುರುಬೆಚ್ಚಗಿನ ನೀರು ಬಿಟ್ಟು ಸರಾಗವಾಗಿ ತೆಗೆದಳು ಕೂಡ.

ಆಮೇಲೆ ಅತ್ತೆಯ ಕಿವಿ ನೋಡಿದಳು. ಬಲಗಿವಿಯಲ್ಲಿ ಗುಗ್ಗೆ ಕಲ್ಲಾಗಿತ್ತು. ಯಂತ್ರದಿಂದ ಮೆಲ್ಲಗೆ ಹೀರಿ ತೆಗೆದಳು. ಎಡಗಿವಿಯ ತಮಟೆಯಲ್ಲಿ ಹಳೆಯ ತೂತಿತ್ತು.

ಬಲಗಿವಿ ತೆರೆದ ಕ್ಷಣ ಅತ್ತೆ ಬೆಚ್ಚಿಬಿದ್ದಳು. ತನ್ನದೇ ಸೀರೆಯ ಸರಸರ ಕೇಳಿ ಕೆಳಗೆ ನೋಡಿಕೊಂಡಳು. ಗೋಡೆಯ ಫ್ಯಾನನ್ನು ನೋಡಿದಳು. ನಾನು ನಗುತ್ತಿದ್ದೆ, ಕಣ್ಣು ತುಂಬಿ ಬಂದಿತ್ತು. ಡಾಕ್ಟರ್ ಕೇಳಿದಳು, "ಎಡಗಿವಿಗೆ ಏನಾಗಿತ್ರಿ ಅಜ್ಜಿ?"

ಅತ್ತೆ ಹೇಳಿದಳು. ಬಹಳ ಹಿಂದೆ ಶಾಲೆಯಲ್ಲಿ ಊಟದ ವೇಳೆ ತನ್ನ ಕಿವಿಯ ಗುಗ್ಗೆಯನ್ನು ತಾನೇ ತೆಗೆದುಕೊಳ್ಳುತ್ತಿದ್ದಾಗ ಓಡಿಬಂದ ಮಗುವೊಂದು ಮೊಣಕೈಗೆ ಬಡಿದಿತ್ತು. ರಕ್ತ ಬಂತು, ಕೆಲವು ದಿನ ಗುಂಯ್ ಎಂದಿತು, ಕಡಿಮೆಯಾಯಿತು. ಯಾರಿಗೂ ಹೇಳಿರಲಿಲ್ಲ.

"ಅದಾದ ಮ್ಯಾಲೂ ಮಕ್ಕಳ ಕಿವಿಗೆ ಪಿನ್ನು ಹಾಕೀರಿ?"

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ಆ ಪ್ರಶ್ನೆ ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ವಾಪಸು ಬಸ್ಸಿನಲ್ಲಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ಹಾಕಿದಳು, ತೆಗೆದಳು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಊರು ಹತ್ತಿರ ಬಂದಾಗ, "ರೇಣುಕಾ ಅಂತ ಒಂದು ಹುಡುಗಿ ಇದ್ಲು," ಎಂದಳು.

ಗುಂಜಿಯ ಕಾಡಂಚಿನಲ್ಲಿ ಎಮ್ಮೆ ಸಾಕುವವರ ಮಗಳು. ಬಾಯಿ ಬಿಡದ ಕೂಸು. ಒಂದು ಮಧ್ಯಾಹ್ನ ಶಾಲೆಯ ಕಟ್ಟೆಯ ಮೇಲೆ ಅತ್ತೆ ಅವಳ ಗುಗ್ಗೆ ತೆಗೆಯುತ್ತಿದ್ದಾಗ ಮಗು ಥಟ್ಟನೆ ತಲೆ ಎಳೆದುಕೊಂಡಿತ್ತು. ಪಿನ್ನಿಗೆ ರಕ್ತ ಅಂಟಿತ್ತು. ಅತ್ತೆ ಎಣ್ಣೆ ಬಿಟ್ಟು, ಪೆಪ್ಪರಮೆಂಟು ಕೊಟ್ಟು ಕಳಿಸಿದಳು. ಹುಡುಗಿ ಕೆಲವು ದಿನ ಬರಲಿಲ್ಲ. ಬಂದ ಮೇಲೆ ಪಾಠ ಕೇಳುತ್ತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ.

"ಲಕ್ಷ್ಯ ಎಲ್ಲೈತಿ ಅಂತ ಬೈದು ಹೊರಗ ನಿಂದರಸ್ತಿದ್ದೆ ತಮ್ಮಾ. ಕೇಳಸದ ಹುಡುಗಿನ್ನ ಕೇಳೂದಿಲ್ಲಂತ ನಿಂದರಿಸೀನಿ."

"ನಿನ್ನಿಂದನ ಆತು ಅಂತ ಹ್ಯಾಂಗ ಹೇಳ್ತಿ?" ಎಂದೆ.

"ಅಲ್ಲಂತ ಹ್ಯಾಂಗ ಹೇಳ್ಲಿ?"

ಅತ್ತೆ ಹಿಡಿದ ಹಟ ಬಿಡಲಿಲ್ಲ. ಮುಂದಿನ ರಜೆಗೆ ನನ್ನನ್ನು ಎಳೆದುಕೊಂಡು ಗುಂಜಿಯ ರೈಲು ಹತ್ತಿದಳು. ಗಾಲಿಗಳ ಸದ್ದಿಗೆ ಬಲಗಿವಿ ಮುಚ್ಚಿಕೊಂಡು, "ಈ ಗಾಡಿಗೆ ಇಷ್ಟು ಸಪ್ಪಳ ಇತ್ತೇನ?" ಎಂದು ಕೇಳಿದಳು. ಸ್ಟೇಷನ್ನಿನಲ್ಲಿ ವಿಚಾರಿಸಿದರೆ ರೇಣುಕಾ ಈಗ ಊರಿನ ಹಾಲಿನ ಕೇಂದ್ರದಲ್ಲಿ ಸಂಬಳಕ್ಕಿದ್ದಾಳೆ ಎಂದರು.

ಅವಳು ಬಿಸಿಲಿನಲ್ಲಿ ಕ್ಯಾನು ತೊಳೆಯುತ್ತಿದ್ದಳು. ಗಟ್ಟಿಮುಟ್ಟಾದ ಹೆಂಗಸು. "ಅಯ್ಯ, ಅಕ್ಕಾರ! ಬರ್ರಿ, ಕುಂದರ್ರಿ," ಎಂದು ಒದ್ದೆ ಕೈಯಲ್ಲೇ ಅತ್ತೆಯ ಕಾಲು ಮುಟ್ಟಿದಳು. ಮಾತಾಡಲು ಬಲಗೆನ್ನೆಯನ್ನು ನಮ್ಮ ಕಡೆ ತಿರುಗಿಸಿಕೊಂಡಳು. ಅದನ್ನು ನೋಡಿದ್ದೇ ಅತ್ತೆಯ ಮುಖ ಬಿಳಿಚಿಕೊಂಡಿತು. ತಾನು ಬಂದ ಕಾರಣವನ್ನು ಒಂದೇ ಉಸಿರಿಗೆ ಹೇಳಿಬಿಟ್ಟಳು.

ರೇಣುಕಾ ಮೊದಲು ನಕ್ಕಳು. ಆಮೇಲೆ ಕ್ಯಾನಿನ ಮುಚ್ಚಳ ಕೈಗೆತ್ತಿಕೊಂಡಳು.

"ಎಡಗಿವಿ ಹೋಗೈತ್ರಿ, ಖರೇ. ಸಣ್ಣಾಕಿದ್ದಾಗಿಂದನ ಸೋರತಿತ್ತಂತ ಅವ್ವ ಅಂತಿದ್ಲು. ಅದರಿಂದ ಹೋತೋ, ನಿಮ್ಮಿಂದ ಹೋತೋ, ನನಗ್ಹ್ಯಾಂಗ ಗೊತ್ತಾಗಬೇಕ್ರಿ? ನೀವು ಕಿವಿ ತಗದದ್ದು ನನಗ ನೆನಪ ಇಲ್ಲ." ಮುಚ್ಚಳ ಕೆಳಗಿಟ್ಟು ಹೇಳಿದಳು, "ಬಿಸಲಾಗ ನಿಂದರಿಸಿದ್ದು ನೆನಪೈತ್ರಿ ಅಕ್ಕಾರ."

ಬೆಳಗಾವಿಯ ಡಾಕ್ಟರ್ ಹತ್ತಿರ ಹೋಗೋಣ ಎಂದಳು ಅತ್ತೆ. "ಒಂದು ಕಿವಿ ಸಾಕ್ರಿ, ಇಷ್ಟು ವರ್ಷ ನಡದೈತಿ," ಎಂದು ರೇಣುಕಾ ಮತ್ತೆ ಕ್ಯಾನಿಗೆ ಕೈ ಹಾಕಿದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅತ್ತೆಯೇ ಮುಗಿಯಗೊಡಲಿಲ್ಲ. ಮತ್ತೆ ಮತ್ತೆ ಗುಂಜಿಗೆ ಹೋದಳು. ಈ ವಯಸ್ಸಿನಲ್ಲಿ ಇದೇನು ಎಂದು ಮಗ ರೇಗಿದ. ಕೆಲವು ದಿನ ರೇಣುಕಾ ಚಹಾ ಕೊಟ್ಟು ಮಾತಾಡಿಸುತ್ತಿದ್ದಳು, ಕೆಲವು ದಿನ ತಲೆ ಎತ್ತುತ್ತಿರಲಿಲ್ಲ. ಅತ್ತೆ ಕಟ್ಟೆಯ ಮೇಲೆ ಕೂತಿದ್ದು ರೈಲಿನ ಹೊತ್ತಿಗೆ ಎದ್ದು ಬರುತ್ತಿದ್ದಳು. ಮಳೆಗಾಲದಲ್ಲಿ ರೇಣುಕಾಳ ಕಿವಿ ಸೋರಿ ನೋವು ಶುರುವಾದಾಗ ಕೊನೆಗೂ ಬೆಳಗಾವಿಗೆ ಬಂದಳು. ಡಾಕ್ಟರ್ ಔಷಧಿ ಕೊಟ್ಟು ಒಣಗಿಸಿದಳು. ಪೂರ್ತಿ ಒಣಗಿದ ಮೇಲೆ ಆಪರೇಷನ್ ಮಾಡಿ ತೂತು ಮುಚ್ಚಬಹುದು, ಕೇಳುವುದು ಎಷ್ಟು ಸುಧಾರಿಸುತ್ತದೆಂದು ಈಗಲೇ ಮಾತು ಕೊಡಲಾರೆ ಎಂದಳು. ತೂತು ಯಾವುದರಿಂದ ಆದದ್ದು ಎಂದು ಅತ್ತೆ ಕೇಳಿದಳು. ಇಷ್ಟು ವರ್ಷದ ಮೇಲೆ ಅದನ್ನು ಯಾರೂ ಹೇಳಲಾರರು ಎಂದಳು ಡಾಕ್ಟರ್. ರೇಣುಕಾ ವಿಚಾರ ಮಾಡುತ್ತೇನೆಂದು ಊರಿಗೆ ಹೋದಳು. ಇವತ್ತಿನವರೆಗೆ ಸುದ್ದಿ ಇಷ್ಟೇ ಇತ್ತು.

ಇದನ್ನೆಲ್ಲ ನಡೆದಾಡುತ್ತಲೇ ಮೇಧಾಗೆ ಹೇಳಿದೆ. ಅವಳು ಕೈಯಲ್ಲಿದ್ದದ್ದನ್ನು ಯಾವಾಗಲೋ ಡಬ್ಬಿಗೆ ಸೇರಿಸಿದ್ದಳು. "ಮತ್ತ ರೇಣುಕಾ ಏನಂದ್ಲು? ಫೋನ್ ಮಾಡಿ ಕೇಳಿಲ್ಲೇನ ನೀ?" ಎಂದಳು.

ಕೇಳಿರಲಿಲ್ಲ. ಬೇಡ ಎಂದಿದ್ದಾಳೆಂಬ ಉತ್ತರಕ್ಕೆ ಹೆದರಿಕೊಂಡೇ ಇಷ್ಟು ದಿನ ತಳ್ಳಿದ್ದೆನೇನೋ. ನಿಂತಲ್ಲೇ ಫೋನು ಹಚ್ಚಿದೆ. ಅತ್ತೆ ಮೊದಲ ರಿಂಗಿಗೇ ಎತ್ತಿದಳು. ಹಿಂದೆ ರೈಲಿನ ಸೀಟಿ ಕೇಳಿಸಿತು.

"ಹ್ಞೂಂ ಅಂದಾಳ ತಮ್ಮಾ," ಎಂದಳು. "ಈಗ ಅಂದ್ಲು. ಸೋಮವಾರ ಕರಕೊಂಡು ಬರತೇನಿ, ನೀ ಸ್ಟೇಷನ್ನಿಗೆ ಬಾ."

ಬರುತ್ತೇನೆ ಎಂದೆ. ಕಾಲು ಈಗ ನಿಂತಿತ್ತು. ಪಡಸಾಲೆಯ ಕುರ್ಚಿಯಲ್ಲಿ ಕೂತೆ.

"ಮತ್ತ ಕೇಳ ಇಲ್ಲೆ," ಎಂದಳು ಅತ್ತೆ, ಎದುರಿಗೆ ಕೂತ ತರಗತಿಗೆ ಹೇಳುವಂಥ ದನಿಯಲ್ಲಿ. "ಅಕಿ ಜೋಡಿ ನಡೀವಾಗ ಬಲಗಡೆ ಇರು, ಮಾತಾಡು. ಹೆದರ್ಯಾಳ. ಎಡಗಡೆ ನಾ ಇರತೇನಿ."