ಅಮೆರಿಕದ ಶಾಲೆಗೆ ನಮ್ಮ ನಂದಾಳ ಕಲ್ಲು

ನಿಂತಿತು! ನಮ್ಮ ನಂದಾ ಕೆತ್ತಿದ ಕಲ್ಲು ಅಮೆರಿಕದಲ್ಲಿ ನಿಂತಿತು!

ಮೊನ್ನೆ ಮಧ್ಯಾಹ್ನ ಫೋಟೋ ಬಂತು. ರಸ್ತೆ ಪಕ್ಕದಲ್ಲಿ ಹುಲ್ಲು, ಹಿಂದೆ ಕಣ್ಣು ಹೋಗುವಷ್ಟೂ ಮೆಕ್ಕೆಜೋಳದ ಹೊಲ, ಮುಂದೆ ಬೂದು ಬಣ್ಣದ ಕಲ್ಲು. ಕೂಕಟ್‌ಪಲ್ಲಿಯ ಷೇರ್ ಆಟೋದಲ್ಲಿ ಪಕ್ಕ ಕುಳಿತವರಿಗೆಲ್ಲ ತೋರಿಸಿದೆ. (ಓಡುವ ಆಟೋದಿಂದ ಜಿಗಿಯಲು ಯಾರಿಗೂ ಧೈರ್ಯ ಬರಲಿಲ್ಲ.) ಈಗ ನಿಮ್ಮ ಸರದಿ.

ನಂದಾ ಎಂದರೆ ಮಹಾನಂದಾ, ನನ್ನ ಮಗನ ಮಗಳು. ಜೀಡಿಮೆಟ್ಲಾದ ಒಂದು ಗ್ರಾನೈಟ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಲ್ಲಿಂದ ಸ್ಮಾರಕದ ಕಲ್ಲುಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತವೆ. ಅಕ್ಷರ ಕೊರೆಯಲು ಮಷೀನ್ ಇದೆ. ಆದರೆ ಅಂಚು, ಮೂಲೆ ತಿದ್ದಲು ಉಳಿ ಹಿಡಿದ ಕೈಯೇ ಬೇಕು. ಆ ಕೈ ಅವಳಿಗೆ ಅಜ್ಜನಿಂದ ಬಂದದ್ದು. ನಮ್ಮ ಯಜಮಾನರು ಶಹಾಬಾದ್ ಕಡೆಯ ಕಲ್ಲುಕುಟಿಗರು.

ಟೈಲ್ಸ್ ಹಾಕುವ ನನ್ನ ಮಗನಿಗೆ ಮಾತ್ರ ಈ ಕೆಲಸ ಹಿಡಿಸಲಿಲ್ಲ. "ಸತ್ತೋರ ಕಲ್ಲು ಕಡಿಯೋ ಹುಡುಗೀನ ಯಾರ್ ಮಾಡ್ಕೋತಾರ? ಮೂರು ತಿಂಗಳು ಟ್ರಯಲ್ ಅಂದಾರಲ್ಲ, ನೋಡೋಣು. ಅವರು ಇಟ್ಕೊಳ್ಳಲಿಲ್ಲಾಂದ್ರ ಸುಲ್ತಾನ್ ಬಜಾರದಾಗಿನ ಸೀರಿ ಅಂಗಡಿಗೆ ಹೋಗಬೇಕು, ಸುಮ್ಕ" ಎಂದು ಷರತ್ತು ಹಾಕಿದ.

ಸತ್ತವರ ಕಲ್ಲೇ? ಅಲ್ಲವೇ ಅಲ್ಲ! ಅಮೆರಿಕದ ಯಾವುದೋ ಹಳ್ಳಿಗಾಡಿನ ಜಿಲ್ಲೆಯಂತೆ. ಅಲ್ಲಿ ರಸ್ತೆ ಪಕ್ಕದಲ್ಲಿ ಇಂಥ ಕಲ್ಲು ನಿಲ್ಲಿಸುತ್ತಾರಂತೆ. ಇಲ್ಲಿ ಹೊಳೆ ದಾಟಿಸುವ ದೋಣಿ ಇತ್ತು. ಇಲ್ಲಿ ಹಿಟ್ಟಿನ ಗಿರಣಿ ಇತ್ತು ಎಂದೆಲ್ಲ ಬರೆದಿರುತ್ತದಂತೆ. ನಂದಾಳ ಪಾಲಿಗೆ ಬಂದ ಮೊದಲ ಕಲ್ಲಿನ ಮೇಲೆ ಬರೆಯಬೇಕಿದ್ದದ್ದು ಇಷ್ಟು: ಇಲ್ಲಿ ಒಂದೇ ಕೋಣೆಯ ಶಾಲೆ ಇತ್ತು, ಸುತ್ತಲಿನ ಹೊಲದವರ ಮಕ್ಕಳು ಇಲ್ಲಿ ಓದಿದರು.

"ಮುಗೀತಾ?" ಎಂದು ಕೇಳಿದೆ.

"ಮುಗೀತು ಆಯಿ." (ಅಜ್ಜಿಗೆ ನಮ್ಮಲ್ಲಿ ಆಯಿ ಎನ್ನುತ್ತೇವೆ.)

"ಕಟ್ಟಿಸಿದ ಸಾವುಕಾರ? ರಿಬ್ಬನ್ ಕತ್ತರಿಸಿದ ಮಂತ್ರಿ?"

"ಯಾರೂ ಇಲ್ಲ. ಬರೇ ಸಾಲಿ."

ನಮ್ಮಲ್ಲಿ ಕಲ್ಲು ಇರುವುದೇ ಹೆಸರು ಹಾಕಿಸಲು ಅಲ್ಲವೇ? ಬಸ್ ಸ್ಟಾಪಿಗಿಂತ ಕಟ್ಟಿಸಿದವರ ಬೋರ್ಡು ದೊಡ್ಡದು. ನಾನು ಮೂರನೇ ಇಯತ್ತೆವರೆಗೆ ಕಲಿತದ್ದೂ ಒಂದೇ ಕೋಣೆಯ ಶಾಲೆಯಲ್ಲೇ. ಅದು ಬಿದ್ದ ಮೇಲೆ ಮಾಳಿಗೆಯ ಹಾಸುಗಲ್ಲುಗಳನ್ನು ಜನ ಹೊತ್ತುಕೊಂಡು ಹೋದರು. (ಎರಡು ನಮ್ಮ ಮನೆಗೂ ಬಂದವು. ಬಟ್ಟೆ ಒಗೆಯಲು ಭಾಳ ಛಲೋ ಕಲ್ಲು.)

ಶಾಲೆಯ ಕಲ್ಲನ್ನು ಸುಮ್ಮನೆ ಕಳಿಸುವುದೇ? ನಮ್ಮವರು ಎಣ್ಣೆ ಸವರಿ ಮೂರು ಬೆರಳಿನ ವಿಭೂತಿ ಎಳೆಯದೆ ಯಾವ ಕಲ್ಲನ್ನೂ ಗಾಡಿಗೆ ಏರಿಸಿದವರಲ್ಲ. ಪ್ಯಾಕಿಂಗಿಗೆ ಒಂದು ದಿನ ಇರುವಾಗ ಬುತ್ತಿ ಕೊಡುವ ನೆಪದಲ್ಲಿ ಶೆಡ್ಡಿಗೆ ಹೋದೆ. ನಂದಾ ಕೈ ತೊಳೆಯಲು ಹೋದಳು. ಸಂಚಿಯಿಂದ ಎಣ್ಣೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಸವರಿದೆ, ವಿಭೂತಿ ಎಳೆದೆ, ಕೈ ಮುಗಿದೆ. ಅಮೆರಿಕದವರು ಗಾಬರಿಯಾದಾರೆಂದು ವಿಭೂತಿಯನ್ನು ಸೆರಗಿನಿಂದ ಒರೆಸಿಯೂ ಬಿಟ್ಟೆ. ಎಂಥ ಜಾಣೆ ನೋಡಿ!

ವಿಭೂತಿ ಹೋಯಿತು. ಎಣ್ಣೆ ಒಳಗಿಳಿಯಿತು. ಪಾಲಿಶ್ ಇಲ್ಲದ ಕಲ್ಲು, ಬಿಸಿ ಅನ್ನ ತುಪ್ಪ ಕುಡಿದ ಹಾಗೆ ಕುಡಿದುಬಿಟ್ಟಿತು.

ಮರುದಿನ ಸಂಜೆ ನಂದಾ ಬಂದವಳೇ ಗೋಡೆಗೆ ಮುಖ ಮಾಡಿ ಕುಳಿತಳು. ಅಕ್ಷರಗಳ ನಡುವೆ ಕಪ್ಪು ಕಲೆ, ಚೆಕಿಂಗಿನಲ್ಲಿ ಕಲ್ಲು ಫೇಲ್. "ಯಾರೋ ಎಣ್ಣಿ ಕೈ ಇಟ್ಟಾರ ಆಯಿ. ನನ್ನ ಮ್ಯಾಲ ಹಾಕ್ಯಾರ. ನಾಳಿಂದ ಬರಬ್ಯಾಡ ಅಂದ್ರು."

ನನ್ನ ಮಗ ಬೈಯಲಿಲ್ಲ. ಮೊಬೈಲಿನಲ್ಲಿ ಸೀರೆ ಅಂಗಡಿಯವರ ನಂಬರ್ ಹುಡುಕತೊಡಗಿದ. ಬೈದಿದ್ದರೇ ಚೆನ್ನಾಗಿತ್ತು.

ಬೆಳಿಗ್ಗೆ ನಂದಾಳನ್ನು ಎಳೆದುಕೊಂಡು ಬಸ್ ಹತ್ತಿದೆ. ಚೀಲದಲ್ಲಿ ಎರಡು ಪೊಟ್ಟಣ ರಂಗೋಲಿ ಪುಡಿ. ಶೆಡ್ಡಿನ ಮಾಲೀಕರು ತೆಲುಗಿನವರು. ಹೆಬ್ಬೆರಳು ಮುಂದೆ ಚಾಚಿ, "ಕಲೆ ಮಾಡಿದ್ದು ಇದು. ಹುಡುಗಿಗೆ ಏನೂ ಗೊತ್ತಿಲ್ಲ" ಎಂದೆ. ನಂದಾ ನನ್ನನ್ನು ನೋಡಿದ ನೋಟ ಬೇಡ, ಬಿಡಿ.

ಮಾಲೀಕರು ಬೆರಳು ನೋಡಿದರು, ಕಲೆ ನೋಡಿದರು. "ಅಮ್ಮಾ, ಇದಿ ಗುಡಿ ಕಾದು!" ಎಂದರು. ಗುಡಿಯಲ್ಲ ಎಂದು ನನಗೆ ಗೊತ್ತಿಲ್ಲವೇ?

"ಸಾಲಿ ಐತಲ್ರಿ, ಗುಡಿಕಿಂತ ಏನ್ ಕಮ್ಮಿ?" ಎಂದೆ. "ನಾಕು ದಿನ ಕೊಡ್ರಿ. ಕಲೆ ಹೋಗಲಿಲ್ಲಾಂದ್ರ ಹುಡುಗೀನ ನಾನಽ ಮನಿಗೆ ಕರಕೊಂಡು ಹೋಗ್ತೀನಿ."

ಬಾಯಿ ಆಡಿಬಿಟ್ಟಿತು. ಆದರೆ ಅಡುಗೆಮನೆಯ ಶಹಾಬಾದ್ ನೆಲದಿಂದ ಎಷ್ಟು ಎಣ್ಣೆ ತೆಗೆದಿಲ್ಲ ನಾನು? ಪುಡಿ ನನ್ನದು, ಅದಕ್ಕೆ ಬಣ್ಣ ತೆಳು ಮಾಡುವ ಥಿನ್ನರ್ ಕಲಸುವ ಯೋಚನೆ ನಂದಾಳದು. ಮುದ್ದೆ ಮಾಡಿ ಕಲೆಯ ಮೇಲೆ ಬಡಿದು ಪ್ಲಾಸ್ಟಿಕ್ ಮುಚ್ಚಿದೆವು. ಒಣಗುತ್ತ ಒಣಗುತ್ತ ಪುಡಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ. ಮೊದಲ ಸಲ ಅರ್ಧ ಹೋಯಿತು. ಎರಡನೇ ಸಲ ನೆರಳಿನಷ್ಟು ಉಳಿಯಿತು. ಮೂರನೇ ಸಲಕ್ಕೆ ಮಾಲೀಕರು ಟಾರ್ಚ್ ಓರೆ ಹಿಡಿದು ಹುಡುಕಿದರೂ ಸಿಗಲಿಲ್ಲ.

"ಸರೇ" ಎಂದರು. ಆದರೆ ಅಲ್ಲಿಯವರು ಕಲ್ಲು ಒಪ್ಪಿಕೊಂಡ ಮೇಲೆಯೇ ಕೆಲಸದ ಮಾತು ಎಂದೂ ಸೇರಿಸಿದರು. ಹಡಗು ಎಲ್ಲಿಗೆ ಬಂತು, ಹಡಗು ಎಲ್ಲಿಗೆ ಬಂತು ಎಂದು ದಿನವೂ ನಂದಾಳ ತಲೆ ತಿಂದೆ. ನನ್ನ ಮಗ ಮಾತ್ರ ಸೀರೆ ಅಂಗಡಿಯವರಿಗೆ "ಸ್ವಲ್ಪ ತಡೀರಿ" ಎನ್ನುತ್ತಲೇ ಇದ್ದ.

ಮೊನ್ನೆ ಫೋಟೋದ ಜೊತೆಗೆ ಮಾತೂ ಬಂತು. ಕಲ್ಲು ಭಾಳ ಮೆಚ್ಚುಗೆಯಾಗಿದೆ, ಗಿರಣಿಯ ಕಲ್ಲೂ ಅದೇ ಕೈಯಿಂದ ಆಗಲಿ ಎಂದು. ನಂದಾ ಪರ್ಮನೆಂಟ್!

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಸೊಸೆ ಮಾಡಿದ ಶಾವಿಗೆ ಪಾಯಸ. ನಮ್ಮ ಮನೆಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅಂದು ಯಜಮಾನರಿಗಿತ್ತು, ಇಂದು ಮಗನಿಗೆ. ಸೊಸೆ ರೂಢಿಯಂತೆ ಅವನ ತಟ್ಟೆಗೆ ಹಾಕಿದಳು. ಅವನು ಫೋಟೋವನ್ನು ಇನ್ನೊಮ್ಮೆ ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಆಮೇಲೆ ರೊಟ್ಟಿ ಎತ್ತಿ ಮಗಳ ತಟ್ಟೆಗೆ ಹಾಕಿದ.

"ಉಣ್ಣವ್ವಾ, ಆರತೈತಿ. ನಾಳಿ ಗಿರಣಿ ಕಲ್ಲು ಕಡೀಬೇಕಲ್ಲ?"

ಖುಷಿಗೆ ನಾನು ಪಾಯಸ ಎರಡು ಸಲ ಹಾಕಿಸಿಕೊಂಡೆ. ಆದರೂ ಕೇಳುತ್ತೇನೆ: ಮನೆಯ ಹೆಣ್ಣುಮಗಳ ತಟ್ಟೆಗೆ ಮೊದಲ ರೊಟ್ಟಿ ಬೀಳಬೇಕಾದರೆ ಅಮೆರಿಕದಲ್ಲಿ ಕಲ್ಲು ನಿಲ್ಲಬೇಕಿತ್ತೇನ್ರಿ?