ಕಾಗದದ ಮೇಲೆ ಬೀಳದ ಹಲ್ಲು

ನಮ್ಮ ವಿಭಾಗದಲ್ಲಿ ಎಲ್ಲರೂ ಅವರನ್ನು ‘ಬರೆಯೋ ಅಕ್ಕ’ ಎನ್ನುತ್ತೇವೆ. ದಂತ ಕಾಲೇಜಿಗೆ ಕಸ ಗುಡಿಸಲು ಬಂದವರು. ಅಕ್ಷರ ದುಂಡಗಿದೆಯೆಂದು ಯಾರೋ ಕಂಡು ಕೈಗೆ ಪೆನ್ನು ಕೊಟ್ಟರಂತೆ. ಇಪ್ಪತ್ತೆರಡು ವರ್ಷಗಳಿಂದ ಪಿಎಚ್.ಡಿ. ಮಾಡುವವರ ಜೊತೆ ಶಾಲೆ ಶಾಲೆಗೆ ಬಂದು, ನಾವು ಮಕ್ಕಳ ಬಾಯಿ ನೋಡಿ ಕೂಗಿದ ಅಂಕಿಗಳನ್ನು ಬರೆದುಕೊಳ್ಳುತ್ತ ಬಂದವರು. ಸೊನ್ನೆ ಎಂದರೆ ಒಳ್ಳೆಯ ಹಲ್ಲು, ಒಂದು ಎಂದರೆ ಹುಳುಕು, ಮೂರು ಎಂದರೆ ಸಿಮೆಂಟ್ ತುಂಬಿಸಿದ್ದು. ಮನುಷ್ಯರನ್ನೂ ಹಾಗೇ ಅಳೆಯುತ್ತಾರೆ. ನನ್ನ ಗಂಡನನ್ನು ಮೊದಲ ಸಲ ಕಂಡಾಗ, “ನಿಮ್ಮ ಯಜಮಾನ್ರು ಸೊನ್ನೆ ಕಣಮ್ಮಾ” ಎಂದರು. ಅವನ ಮುಖ ಸಪ್ಪಗಾಯಿತು.

“ಅಯ್ಯೋ, ಹೊಗಳಿದ್ದು ಸ್ವಾಮಿ! ನಮ್ಮ ಕ್ಲರ್ಕು ಮೂರು. ಮೇಲೆ ತೇಪೆ, ಒಳಗೆ ಏನಿದ್ಯೋ.”

ನನ್ನ ಮಗಳು ಎಂಟು ತಿಂಗಳಿನವಳಿದ್ದಾಗ ನಾನು ಮತ್ತೆ ಕಾಲೇಜಿಗೆ ಬಂದೆ. ನಾನು ಸೆಮಿನಾರಿನಲ್ಲಿದ್ದರೆ ಅವಳು ಕಡತಗಳ ಕೋಣೆಯಲ್ಲಿ ಅಕ್ಕನ ಮಡಿಲಲ್ಲಿ. ಆ ಮಡಿಲು ಇಲ್ಲದಿದ್ದರೆ ನನ್ನ ಓದು ಮೊದಲ ವರ್ಷವೇ ಮೂಲೆ ಸೇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದ್ದನ್ನು ಓದಿ ಯಾರೂ ಅವರನ್ನು ಕೆಟ್ಟವರು ಅನ್ನಬಾರದು.

ನಾನು ನೋಡಿದ್ದು ನಾನೂರು ಮಕ್ಕಳ ಬಾಯಿ. ಅದರಲ್ಲಿ ನಲವತ್ತು ಮಕ್ಕಳನ್ನು ಹದಿನೈದು ದಿನ ಬಿಟ್ಟು ಎರಡನೇ ಸಲ ನೋಡಬೇಕು. ಮೊದಲು ಏನು ಹೇಳಿದ್ದೆವೆಂದು ತಿಳಿಯದೆಯೇ ಮತ್ತೆ ಹೇಳಬೇಕು. ಎರಡೂ ಎಷ್ಟು ಹೊಂದುತ್ತವೆ ಎನ್ನುವುದರ ಮೇಲೆ ನಮ್ಮ ಕಣ್ಣನ್ನು ಎಷ್ಟು ನಂಬಬಹುದೆಂಬ ತೀರ್ಮಾನ. ನನ್ನದು ನೂರಕ್ಕೆ ತೊಂಬತ್ತೊಂಬತ್ತು ಬಂದಿತ್ತು. ಗೈಡ್ ಮೇಡಂ ಬೆನ್ನು ತಟ್ಟಿದ್ದರು: “ನಮ್ಮ ವಿಭಾಗದ ಕಣ್ಣು ಅಂದ್ರೆ ಸುಮ್ನೇನಾ?”

ಪ್ರಬಂಧ ಒಪ್ಪಿಸಲು ಒಂದು ತಿಂಗಳಿತ್ತು. ಹಾಳೆಗಳನ್ನು ಕೊನೆಯ ಸಲ ಕಂಪ್ಯೂಟರಿನ ಜೊತೆ ತಾಳೆ ನೋಡುತ್ತಿದ್ದೆ. ಒಬ್ಬ ಹುಡುಗಿಯ ಎರಡನೇ ಹಾಳೆಯಲ್ಲಿ ಕೆಳಗಿನ ಮುಂದಿನ ಹಲ್ಲಿಗೆ ಸೊನ್ನೆ ಎಂದಿತ್ತು. ಕೈ ನಿಂತಿತು. ಆ ಹುಡುಗಿ ನನಗೆ ಚೆನ್ನಾಗಿ ನೆನಪಿದ್ದಳು. ಎರಡನೇ ಸಲ ಬಂದಾಗ ಬಿದ್ದ ಹಾಲುಹಲ್ಲನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಸುತ್ತಿ ತಂದು, “ಮಿಸ್, ಇದನ್ನೂ ಎಣಿಸ್ತೀರಾ?” ಎಂದು ಕೇಳಿದ್ದಳು. ಮನೆಗೆ ಹೋಗಿ ದಿನಚರಿ ತೆಗೆದೆ. ಅದೇ ತಾರೀಖು, ಅದೇ ಮಾತು, ನನ್ನದೇ ಕೈಬರಹ. ಬಾಯಲ್ಲಿಲ್ಲದ ಹಲ್ಲು ಹಾಳೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಮಗಳಿಗೆ ಅನ್ನ ಕಲೆಸುತ್ತಿದ್ದವಳು ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಇನ್ನೊಮ್ಮೆ ಹಾಕಿದೆ.

ಮರುದಿನ ಬೆಳಿಗ್ಗೆ ಮೇಡಂ ಕೋಣೆಗೆ ಅಕ್ಕನನ್ನು ಕರೆಸಿದೆವು. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಹಾಳೆ ನೋಡಿದರು. ಈ ಹಲ್ಲು ಆಗ ಬಿದ್ದಿತ್ತಲ್ಲವೇ ಎಂದು ನಾನು ಬೆರಳಿಟ್ಟು ಕೇಳಿದೆ.

“ಹೌದು, ಬಿದ್ದಿತ್ತು.”

“ಮತ್ತೆ ಸೊನ್ನೆ ಬರೆದಿದ್ದೀರಲ್ಲ ಅಕ್ಕಾ?”

“ಮೊದಲ ಹಾಳೇಲಿ ಸೊನ್ನೆ ಇತ್ತಲ್ಲಮ್ಮ. ಹಳೇದನ್ನ ಪ್ಯಾಡಿನ ಕೆಳಗೇ ಇಟ್ಕೊಂಡಿರ್ತೀನಿ. ನೀವು ಸುಸ್ತಾಗಿ ಒಂದೊಂದು ತಪ್ಪು ಹೇಳ್ತೀರಿ. ನಾನು ಸರಿ ಮಾಡ್ಕೋತೀನಿ.”

ಎಷ್ಟು ನಿರಾಳವಾಗಿ ಹೇಳಿದರೆಂದರೆ, ಮಗುವಿನ ಅಂಗಿಯ ಗುಂಡಿ ಹಾಕಿದೆ ಎಂದ ಹಾಗೆ. ನಾನು ಮೊದಲ ಹಾಳೆಯನ್ನು ಅವರ ಮುಂದೆ ಹಿಡಿದೆ.

“ಮೊದಲನೆಯದಾದ್ರೂ ನಾನು ಹೇಳಿದ್ದೇ ಬರೆದ್ರಾ?”

“ಇನ್ನೇನು? ನನಗೇನು ಹಲ್ಲು ನೋಡೋಕೆ ಬರುತ್ತಾ? ಎರಡನೇದು ಮಾತ್ರ.”

“ಯಾರು ಹೀಗೆ ಮಾಡೋಕೆ ಹೇಳಿದ್ದು?” ಮೇಡಂ ಕೇಳಿದರು.

“ಯಾರೂ ಹೇಳಿಲ್ಲ ಮೇಡಂ. ನಾನು ಹೊಸದಾಗಿ ಬಂದಾಗ ಇವರ ಹಾಗೇ ಓದೋಕೆ ಬಂದಿದ್ದ ಒಬ್ಬ ಹುಡುಗೀದು ಎರಡೂ ಹೊಂದಲಿಲ್ಲ ಅಂತ ದೊಡ್ಡ ಸಾಹೇಬ್ರು ಹಾಳೆ ಮುಖಕ್ಕೆಸೆದ್ರು. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ನನ್ನ ಕೈಲಿ ಯಾರೂ ಅಳೋ ಹಾಗೆ ಆಗಲಿಲ್ಲ. ನೀವು ಓದೋವಾಗ ನಿಮ್ಮದೂ ನಾನೇ ಅಲ್ವಾ ಮೇಡಂ ಬರೆದಿದ್ದು? ತೊಂಬತ್ತೆಂಟು ಬಂದಿತ್ತು. ಎಲ್ಲರಿಗೂ ಸಿಹಿ ಹಂಚಿದ್ರಿ.”

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

“ಇಪ್ಪತ್ತು ವರ್ಷ,” ಅಂದರು ಕೊನೆಗೆ, ನಮ್ಮಿಬ್ಬರಿಗೂ ಅಲ್ಲ, ಗೋಡೆಗೆ. “ಪ್ರತಿ ಬ್ಯಾಚಿಗೂ ನನ್ನ ಕಣ್ಣಿನ ಕತೆ ಹೇಳಿದೀನಿ.”

ಆಗ ಅಕ್ಕನ ಮುಖ ನೋಡಬೇಕಿತ್ತು. ತಾನೇನೋ ಒಡೆದೆ ಎಂದು ಅವರಿಗೆ ಗೊತ್ತಾಯಿತು, ಏನು ಒಡೆದೆ ಎಂದು ಗೊತ್ತಾಗಲಿಲ್ಲ. “ನನ್ನನ್ನ ತೆಗೆದುಬಿಡ್ತೀರಾ ಮೇಡಂ?” ಎಂದರು. ನಾನು ಅವರ ಕೈ ಹಿಡಿದುಕೊಂಡೆ.

ಆ ನಲವತ್ತು ಮಕ್ಕಳನ್ನು ಮತ್ತೆ ನೋಡಿ ಪ್ರಯೋಜನವಿರಲಿಲ್ಲ. ಆಗಲೇ ಅರ್ಧ ಹಾಲುಹಲ್ಲು ಉದುರಿಹೋಗಿದ್ದವು. ಹೊಸ ಶಾಲೆ, ಹೊಸ ಮಕ್ಕಳು, ಎರಡೆರಡು ಸಲ. ಪ್ರಬಂಧ ಆರು ತಿಂಗಳು ಮುಂದೆ ಹೋಯಿತು. ನಡೆದದ್ದನ್ನೆಲ್ಲ ಅದರೊಳಗೇ ಬರೆಯುವುದೆಂದಾಯಿತು; ಪ್ರಬಂಧ ಪರೀಕ್ಷಿಸುವ ಸಮಿತಿ ಒಪ್ಪಿದರೆ ಉಳಿದೆ, ಇಲ್ಲವಾದರೆ ಇಲ್ಲ. ಗಂಡನಿಗೆ ಹೇಳಿದಾಗ “ಸರಿ, ಮಗಳನ್ನ ಯಾರು ನೋಡ್ಕೋತಾರೆ?” ಎಂದಷ್ಟೇ ಕೇಳಿದ. ತಮ್ಮ ಹಳೆಯ ಪ್ರಬಂಧದ ಬಗ್ಗೆ ಮೇಡಂ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದಾರೆ. ಉತ್ತರ ಬಂದಿಲ್ಲ. ಉಳಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ ಅವರ ಮೇಜಿನ ಮೇಲಿದೆ, ನಾನು ಅತ್ತ ನೋಡುವುದಿಲ್ಲ.

ಹೊಸ ಶಾಲೆಯಲ್ಲಿ ಪ್ಯಾಡು ಹಿಡಿದು ಕೂತವರು ಸ್ವತಃ ಮೇಡಂ. ಮೊದಲ ಹಾಳೆಗಳು ಕಾಲೇಜಿನ ಬೀರುವಿನಲ್ಲಿ ಬೀಗದೊಳಗೆ. ಮಕ್ಕಳನ್ನು ತರಗತಿಯಿಂದ ಕರೆತರುವುದು ಈಗ ಅಕ್ಕನ ಕೆಲಸ. ಬಾಗಿಲಲ್ಲಿ ನಿಂತು ನಾನು ಅಂಕಿ ಕೂಗುವುದನ್ನು ಕೇಳಿಸಿಕೊಳ್ಳುತ್ತಿದ್ದರು, ಬೆರಳುಗಳು ಮಾತ್ರ ಗಾಳಿಯಲ್ಲಿ ಬರೆಯುತ್ತಲೇ ಇರುತ್ತಿದ್ದವು.

ನಿನ್ನೆ ಲೆಕ್ಕ ಮುಗಿಯಿತು. ನೂರಕ್ಕೆ ಎಂಬತ್ತೊಂದು. ಒಪ್ಪುವಂಥದ್ದೇ, ಮನುಷ್ಯರ ಕಣ್ಣಿಗೆ ಅಷ್ಟು ಸಾಕು ಎಂದರು ಮೇಡಂ. ನಾನು ಮಾತ್ರ ಉಳಿದ ಹತ್ತೊಂಬತ್ತನ್ನೇ ನೋಡುತ್ತ ಕೂತೆ. ಇಷ್ಟೊಂದು ಸಲ ನಾನು ನನ್ನದೇ ಮಾತಿಗೆ ತಪ್ಪಿದ್ದೆನೇ!

ಅಕ್ಕ ಇಣುಕಿ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಎಂಬತ್ತೊಂದಾ? ಅಯ್ಯೋ ನನ್ನ ಕಂದಾ, ನನ್ನ ಕೈಲಿ ಪೆನ್ನು ಇದ್ದಿದ್ರೆ ಹೀಗಾಗೋಕೆ ಬಿಡ್ತಿದ್ನಾ?”