ಕೊಳವೆಯ ಮೇಲಿನ ಬೆರಳು

ಗಂಟಲೊಳಗಿನ ಗಾಯ ಮಾಯುವಾಗ ಉಸಿರಿನ ದಾರಿಯೇ ಕಿರಿದಾಗಿ, ಹನೂರಿನ ಮೇಷ್ಟರಾದ ನನಗೂ ಪಕ್ಕದ ಮಂಚದ ಬಂಡಳ್ಳಿಯ ರೈತರೊಬ್ಬರಿಗೂ ಆಸ್ಪತ್ರೆಯಲ್ಲಿ ಕುತ್ತಿಗೆಗೆ ಕೊಳವೆ ಇಟ್ಟಿದ್ದರು. ಅದನ್ನು ಬೆರಳಲ್ಲಿ ಮುಚ್ಚಿದರೆ ಮಾತು, ಬಿಟ್ಟರೆ ಉಸಿರು.

ರೈತರು ದಿನಕ್ಕೊಮ್ಮೆ ಮುಚ್ಚಿಕೊಂಡು ಮನೆಗೆ ಫೋನ್ ಮಾಡುತ್ತಿದ್ದರು: "ಎಮ್ಮೆ ಮೇವು ತಿಂತಾ?" ಅಷ್ಟೇ. ನಾನೋ, ನೋಡಲು ಬಂದವರಿಗೆಲ್ಲ ನನ್ನ ಕಾಯಿಲೆಯ ಪಾಠ ಮಾಡುತ್ತಿದ್ದೆ. ಒಂದು ಸಂಜೆ ಪಾಠದ ಭರದಲ್ಲಿ ಬೆರಳು ತೆಗೆಯುವುದನ್ನೇ ಮರೆತು ಕಣ್ಣು ಕತ್ತಲೆ ಬಂತು. ಬಂದವರು ತಲೆಯಾಡಿಸುತ್ತಲೇ ಇದ್ದರು. ರೈತರು ಎದ್ದು ಬಂದು ನನ್ನ ಕೈ ಕಿತ್ತು, ತಮ್ಮ ಕೊಳವೆ ಮುಚ್ಚಿಕೊಂಡು ಅಂದರು: "ಉಸ್ರಾಡಿ ಸಾ."

ಡಾಕ್ಟರು ಉಸಿರಿನ ದಾರಿ ಅಗಲ ಮಾಡಿ ಇಬ್ಬರ ಕೊಳವೆಯನ್ನೂ ತೆಗೆದು ವರ್ಷವಾಯಿತು. ಮೊನ್ನೆ ಆ ರೈತರಿಗೆ ಫೋನ್ ಮಾಡಿ ಅರ್ಧ ಗಂಟೆ ಅವರನ್ನು ಹೊಗಳಿದೆ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು: "ಉಸ್ರಾಡಿ ಸಾ."